ಊರವರು ಇಟ್ಟ ಅಡ್ಡಹೆಸರು

ಮೈಸೂರು ಕಡೆಯವರಿಗೆ ‘ಅಡ್ಡಹೆಸರು’ ಎಂದರೆ ಗೆಳೆಯರು ತಮಾಷೆಗೆ ಕರೆಯುವ ಹೆಸರು. ಅದನ್ನು ಅರ್ಜಿಯಲ್ಲಿ ಬರೆಯುವಂತಿಲ್ಲ, ಹಿರಿಯರೆದುರು ಆಡುವಂತಿಲ್ಲ. ಕೃಷ್ಣಾ-ಘಟಪ್ರಭಾ ನದಿಗಳ ಆಸುಪಾಸಿನ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಇದೇ ಪದದ ಅರ್ಥ ಬೇರೆ. ಅಲ್ಲಿ ಶಾಲೆಯ ದಾಖಲೆಯಲ್ಲಿ, ಹೊಲದ ಉತಾರದಲ್ಲಿ, ಮದುವೆಯ ಲಗ್ನಪತ್ರಿಕೆಯಲ್ಲಿ ಅಚ್ಚಾಗುವ ಮನೆತನದ ಹೆಸರೇ ಅಡ್ಡಹೆಸರು. ಮರಾಠಿಯ ‘ಆಡನಾವ’ ಕೂಡ ಇದೇ ಎರಕದ ಪದ. ಒಂದೇ ಮಾತು ಅರ್ಧ ಕರ್ನಾಟಕದಲ್ಲಿ ಚೇಷ್ಟೆಯ ಹೆಸರಾಗಿಯೂ ಇನ್ನರ್ಧದಲ್ಲಿ ಸರಕಾರಿ ಹೆಸರಾಗಿಯೂ ಉಳಿದಿರುವುದರ ಹಿಂದೆ ಒಂದು ಇತಿಹಾಸವಿದೆ. ಈ ಭಾಗದ ಮನೆತನದ ಹೆಸರುಗಳಲ್ಲಿ ಬಹುಪಾಲು ಒಂದು ಕಾಲಕ್ಕೆ ನೆರೆಹೊರೆಯವರು ಬಾಯಿಮಾತಿನಲ್ಲಿ ಇಟ್ಟ ಗುರುತಿನ ಹೆಸರುಗಳು. ಯಾರೋ ಅವನ್ನು ಕಾಗದದ ಮೇಲೆ ಬರೆದುಕೊಂಡರು. ಅಲ್ಲಿಗೆ ಅವು ನಿಂತುಬಿಟ್ಟವು.

ಹೆಸರಿಗೊಂದು ಹೆಸರು ಏಕೆ ಬೇಕಾಯಿತು? ಈ ಸೀಮೆಯಲ್ಲಿ ಮುತ್ಯಾನ ಹೆಸರನ್ನು ಮೊಮ್ಮಗನಿಗೆ ಇಡುವುದು ವಾಡಿಕೆ. ಬಸಪ್ಪನ ಮಗ ಮಲ್ಲಪ್ಪ, ಮಲ್ಲಪ್ಪನ ಮಗ ಮತ್ತೆ ಬಸಪ್ಪ. ಬಸಪ್ಪನಿಗೆ ನಾಲ್ಕು ಗಂಡುಮಕ್ಕಳಿದ್ದರೆ ಒಂದೇ ಓಣಿಯಲ್ಲಿ ನಾಲ್ವರು ಚಿಕ್ಕ ಬಸಪ್ಪಂದಿರು ಬೆಳೆಯುತ್ತಾರೆ. ಬಸಪ್ಪ, ಮಲ್ಲಪ್ಪ, ಸಿದ್ದಪ್ಪ, ಯಲ್ಲಪ್ಪ, ಹಣಮಂತ ಎಂಬ ಹತ್ತಿಪ್ಪತ್ತು ಹೆಸರುಗಳಲ್ಲೇ ಇಡೀ ಊರು ಮುಗಿಯುತ್ತದೆ. ಇದಕ್ಕೆ ಮನೆಯೊಳಗಿನ ಇನ್ನೊಂದು ಕಟ್ಟು ಸೇರಿಕೊಳ್ಳುತ್ತದೆ. ಸೊಸೆಯಾದವಳು ಮಾವನ ಹೆಸರು ಎತ್ತಬಾರದು. ಮಾವನ ಹೆಸರನ್ನೇ ಮಗನಿಗೆ ಇಟ್ಟಿದ್ದರೆ ಆಕೆ ತನ್ನ ಕೂಸನ್ನಾದರೂ ಏನೆಂದು ಕರೆಯಬೇಕು? ಹಾಗಾಗಿ ತೊಟ್ಟಿಲಿನಲ್ಲಿ ಕೂಗಿದ ಹೆಸರು ತೊಟ್ಟಿಲಲ್ಲೇ ಉಳಿದು, ಕರೆಯಲು ಮತ್ತೊಂದು ಹುಟ್ಟುತ್ತಿತ್ತು. ಅಪರಿಚಿತ ಹುಡುಗ ಎದುರಾದರೆ ಕಟ್ಟೆಯ ಮೇಲಿನ ಹಿರಿಯರು ಇಂದಿಗೂ ಕೇಳುವ ಮೊದಲ ಪ್ರಶ್ನೆ ‘ನಿನ್ನ ಹೆಸರೇನು’ ಎಂದಲ್ಲ, ‘ಯಾರ ಪೈಕಿ?’ ಎಂದು.

ಇದು ಹೊಸ ಸಮಸ್ಯೆಯಲ್ಲ, ಪರಿಹಾರವೂ ಹೊಸದಲ್ಲ. ಹನ್ನೊಂದು-ಹನ್ನೆರಡನೆಯ ಶತಮಾನಗಳ ಶರಣರ ಹೆಸರುಗಳನ್ನು ಸುಮ್ಮನೆ ಒಮ್ಮೆ ಎಣಿಸಿ ನೋಡಬೇಕು. ಮಾರಯ್ಯಂದಿರೇ ಹಲವರು: ಅಕ್ಕಿ ಆಯುತ್ತಿದ್ದವನು ಆಯ್ದಕ್ಕಿ ಮಾರಯ್ಯ, ಕಟ್ಟಿಗೆ ಹೊರೆ ಮಾರುತ್ತಿದ್ದವನು ಮೋಳಿಗೆ ಮಾರಯ್ಯ, ಹೆಂಡದಂಗಡಿಯವನು ಹೆಂಡದ ಮಾರಯ್ಯ. ನೇಯುವವನು ಜೇಡರ ದಾಸಿಮಯ್ಯ, ದೋಣಿಯವನು ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವವನು ನುಲಿಯ ಚಂದಯ್ಯ. ಭಕ್ತನಾಗುವ ಮೊದಲು ಕಳ್ಳತನಕ್ಕೆ ಕನ್ನ ಕೊರೆಯುತ್ತಿದ್ದವನಿಗೆ ಆಮೇಲೆಯೂ ಕನ್ನದ ಮಾರಿತಂದೆ ಎಂಬ ಹೆಸರೇ ಉಳಿಯಿತು. ಕಲ್ಯಾಣದ ಮಂದಿ ಮಾಡಿದ್ದನ್ನೇ ಇಂದಿನ ಬನಹಟ್ಟಿಯ ಓಣಿಯವರೂ ಮಾಡುತ್ತಾರೆ. ಕಸುಬನ್ನೋ ಗುಣವನ್ನೋ ಹೆಸರಿನ ಮುಂದೆ ಸಿಕ್ಕಿಸಿದರೆ ಗೊಂದಲ ಮುಗಿಯಿತು.

‘ಹೆಸರಿನ ಮುಂದೆ’ ಎಂಬುದು ಗಮನಿಸಬೇಕಾದ ಮಾತು. ಕನ್ನಡದ ಸಹಜ ಕ್ರಮದಲ್ಲಿ ವಿಶೇಷಣ ಮೊದಲು ಬರುತ್ತದೆ, ಹೆಸರು ಆಮೇಲೆ. ಬೆಲ್ಲದ ಬಸಪ್ಪ, ಉಪ್ಪಿನ ಈರಪ್ಪ, ಜೋಳದ ಶಿವಪ್ಪ. ಮುಂಬಯಿ ಇಲಾಖೆಯ ಕಚೇರಿಗಳ ಕ್ರಮ ಇದಕ್ಕೆ ತಿರುವುಮುರುವು: ಮೊದಲು ಸ್ವಂತ ಹೆಸರು, ನಡುವೆ ತಂದೆಯದು, ಕೊನೆಗೆ ಮನೆತನದ್ದು. ಈ ನಾಲ್ಕು ಪಟ್ಟಣಗಳು ಹಿಂದೆ ಒಬ್ಬ ದೊರೆಯ ಕೆಳಗಿರಲಿಲ್ಲ. ಜಮಖಂಡಿ, ಬನಹಟ್ಟಿಗಳು ಜಮಖಂಡಿಯ ಪಟವರ್ಧನರವು. ಬನಹಟ್ಟಿಗೆ ಅಂಟಿಕೊಂಡೇ ಇರುವ ರಬಕವಿ ಸಾಂಗಲಿ ಸಂಸ್ಥಾನದ್ದು. ಮುಧೋಳ ಘೋರ್ಪಡೆಯವರದು, ಬೀಳಗಿ ನೇರವಾಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. ಆದರೂ ದಫ್ತರದ ಪದ್ಧತಿ ಎಲ್ಲೆಡೆ ಒಂದೇ ಆಗಿತ್ತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು, 1956ರಲ್ಲಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು, 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಹೆಸರು ಬರೆಯುವ ಕ್ರಮ ಮಾತ್ರ ಮುಂಬಯಿಯದೇ ಉಳಿಯಿತು.

ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿ, ಜಮಖಂಡಿ ಸಂಸ್ಥಾನದ ಆಡಳಿತದಿಂದ ಆರಂಭಿಸಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ, ಉಪರಾಷ್ಟ್ರಪತಿಯಾಗಿ, 1977ರಲ್ಲಿ ಕೆಲಕಾಲ ಹಂಗಾಮಿ ರಾಷ್ಟ್ರಪತಿಯೂ ಆದ ಬಸಪ್ಪ ದಾನಪ್ಪ ಜತ್ತಿಯವರ ಹೆಸರು ಈ ಕ್ರಮಕ್ಕೆ ಒಳ್ಳೆಯ ಮಾದರಿ. ಬಸಪ್ಪ ಅವರದು, ದಾನಪ್ಪ ತಂದೆಯದು, ಜತ್ತಿ ಅಡ್ಡಹೆಸರು. ಜಟ್ಟಿ ಅಥವಾ ಜತ್ತಿ ಎಂದರೆ ಮಲ್ಲ, ಕುಸ್ತಿಯವನು.

ಹೀಗೆ ಮುಂದಿನದನ್ನು ಹಿಂದಕ್ಕೆ ತಳ್ಳಿದಾಗ ವ್ಯಾಕರಣ ಮಾತ್ರ ಹಾಗೇ ಉಳಿದುಬಿಟ್ಟಿತು. ‘ಬೆಲ್ಲದ’, ‘ಉಪ್ಪಿನ’, ‘ತುಪ್ಪದ’, ‘ಮುತ್ತಿನ’, ‘ಬಣ್ಣದ’ ಇವೆಲ್ಲ ಷಷ್ಠಿ ವಿಭಕ್ತಿಯ ಪದಗಳು. ಮುಂದೆ ಯಾರೋ ಇರಬೇಕು ಎಂದು ಬಾಯಿ ತೆರೆದುಕೊಂಡು ನಿಂತಿರುವ ಪದಗಳು. ಬೆಲ್ಲದ ಯಾರು? ಮುತ್ತಿನ ಏನು? ಉತ್ತರವಾಗಬೇಕಿದ್ದ ಬಸಪ್ಪ ವಾಕ್ಯದ ಆಚೆ ತುದಿಗೆ ಹೋಗಿದ್ದಾನೆ. ಪರ ಊರಿನವರಿಗೆ ಈ ಹೆಸರುಗಳು ಅರ್ಧಕ್ಕೆ ತುಂಡಾದಂತೆ ಕೇಳಿಸುವುದು ಇದಕ್ಕೇ. ಈ ತುಂಡೇ ಅವು ಹಿಂದೆ ಬಾಯಿಮಾತಿನ ಹೆಸರುಗಳಾಗಿದ್ದವು ಎನ್ನುವುದಕ್ಕೆ ಪುರಾವೆ.

ಹಳೆಯ ಕ್ರಮ ಕೆಡದೆ ಉಳಿದ ಒಂದು ಹೆಸರು ಕನ್ನಡಿಗರಿಗೆಲ್ಲ ಗೊತ್ತು. ಬೀಳಗಿಯ ಶಹನಾಯಿ ವಾದಕ ಸನಾದಿ ಅಪ್ಪಣ್ಣನ ಬದುಕನ್ನು ಆಧರಿಸಿ ಕೃಷ್ಣಮೂರ್ತಿ ಪುರಾಣಿಕರು ಕಾದಂಬರಿ ಬರೆದರು. 1977ರಲ್ಲಿ ಅದು ರಾಜ್‌ಕುಮಾರ್ ಅಭಿನಯದ ಚಲನಚಿತ್ರವಾಯಿತು, ಬಿಸ್ಮಿಲ್ಲಾ ಖಾನರೇ ಅದಕ್ಕೆ ಶಹನಾಯಿ ನುಡಿಸಿದರು. ಬಸವಣ್ಣನ ಜೊತೆಗಿದ್ದ ಹಡಪದ ಅಪ್ಪಣ್ಣ, ಬೀಳಗಿಯ ಸನಾದಿ ಅಪ್ಪಣ್ಣ: ಎಂಟು ಶತಮಾನ ಕಳೆದರೂ ಹೆಸರಿನ ಕಟ್ಟು ಬದಲಾಗಿಲ್ಲ. ಇಲ್ಲೊಂದು ಎಚ್ಚರಿಕೆಯೂ ಬೇಕು. ಇದೇ ಸೀಮೆಯಲ್ಲಿ ‘ಸನದಿ’ ಎಂಬ ಅಡ್ಡಹೆಸರೂ ಇದೆ. ಸನಾದಿ ಎಂದರೆ ವಾದ್ಯ. ಸನದಿಯ ಮೂಲ ‘ಸನದು’, ಅಂದರೆ ಸರಕಾರದ ಪತ್ರ. ಸಂಬಳದ ಬದಲು ಭೂಮಿಯ ಸನದು ಪಡೆದು ಊರು ಕಾಯುತ್ತಿದ್ದವರ ವಂಶದವರು ಸನದಿಗಳು. ಒಂದು ದೀರ್ಘದಲ್ಲಿ ಊದುವವನು ಕಾಯುವವನಾಗುತ್ತಾನೆ. ವಾದ್ಯದ ಕಸುಬಿನವರಿಗೆ ಹೆಚ್ಚಾಗಿ ಉಳಿದ ಅಡ್ಡಹೆಸರು ಭಜಂತ್ರಿ.

ಹೆಸರುಗಳ ಪಟ್ಟಿ ಕೊಡಲು ಹೊರಟರೆ ಈ ಪುಟ ಸಾಲದು. ಆದರೆ ಅವುಗಳಲ್ಲಿ ಅಡಗಿರುವ ಊರಿನ ನಕ್ಷೆಯನ್ನು ಕಾಣದೆ ಮುಂದೆ ಹೋಗುವುದು ತರವಲ್ಲ. ಅಗಸಿ ಎಂದರೆ ಊರ ಹೆಬ್ಬಾಗಿಲು. ಅದರ ಪಕ್ಕದವರು ಅಗಸಿಮನಿ. ಹುಡೇವು ಎಂದರೆ ಕಾವಲಿನ ಕೊತ್ತಲ. ಅದರ ಬುಡದವರು ಹುಡೇದ. ಓಣಿಯ ತಿರುವಿನವರು ಮೂಲಿಮನಿ, ಅಣ್ಣನಿಂದ ಪಾಲಾಗಿ ಹೊರಬಿದ್ದು ಗೋಡೆ ಎಬ್ಬಿಸಿದವರು ಹೊಸಮನಿ, ಹಿಂದೆ ಉಳಿದವರು ದೊಡ್ಡಮನಿ. ‘ಹೊಸಮನಿ’ಯವರ ಮನೆ ಇಂದು ಓಣಿಯಲ್ಲೇ ಅತಿ ಹಳೆಯದಾಗಿರಬಹುದು. ಹೊಲದಲ್ಲಿ ಹುಣಸೆ ಇದ್ದವರು ಹುಣಸಿಮರದ, ಅಂಗಳದಲ್ಲಿ ಬೇವು ಇದ್ದವರು ಬೇವಿನಮರದ. ಮರ ಬಿದ್ದು ಮೂರು ತಲೆಮಾರಾಗಿದ್ದರೂ ಹೆಸರು ನೆರಳು ಕೊಡುತ್ತಿದೆ.

ಕಸುಬಿನ ಹೆಸರುಗಳು ಇನ್ನೂ ಸಮೃದ್ಧ. ಮಗ್ಗದ ಸದ್ದೇ ಗುರುತಾಗಿರುವ ರಬಕವಿ-ಬನಹಟ್ಟಿಗಳಂಥ ಊರಿನಲ್ಲಿ ಎಲ್ಲರೂ ನೇಕಾರರಾದರೆ ‘ನೇಕಾರ’ ಎಂಬ ಹೆಸರಿನಿಂದ ಯಾರನ್ನೂ ಗುರುತಿಸಿದಂತಾಗುವುದಿಲ್ಲ. ಹಾಗಾಗಿ ಅಲ್ಲಿ ನೇಯ್ಗೆಯ ಸುತ್ತಲಿನ ಕೆಲಸಗಳು ಹೆಸರಾಗಬೇಕಾಗುತ್ತದೆ: ನೂಲಿಗೆ ಬಣ್ಣ ಹಾಕುವವರು ಬಣ್ಣದ, ನೀಲಿಯ ಹಂಡೆ ಇಟ್ಟವರು ನೀಲಗಾರ. ಮುಸ್ಲಿಂ ಮನೆತನಗಳಲ್ಲಿ ಅತ್ತರು ಮಾರುವ ಅತ್ತಾರ, ಹಣ್ಣಿನ ಬಾಗವಾನ, ಹತ್ತಿ ಎಕ್ಕುವ ನದಾಫ, ಎಲೆಯಡಿಕೆಯ ತಾಂಬೋಳಿ, ಕುದುರೆಗೆ ನಾಲು ಕಟ್ಟುವ ನಾಲಬಂದ, ಫಿರಂಗಿ ಹಾರಿಸುವ ಗೋಲಂದಾಜ ಇದ್ದಾರೆ. ಸಂಸ್ಥಾನದ ತೋಪು ಸದ್ದಡಗಿ ಮುಕ್ಕಾಲು ಶತಮಾನ ಕಳೆದಿದೆ, ಗೋಲಂದಾಜ ಇನ್ನೂ ಮತದಾರರ ಪಟ್ಟಿಯಲ್ಲಿದ್ದಾನೆ. ಬಳೆ ಮಾರುವವರು ಬಳಿಗಾರ. ಹತ್ತನೆಯ ಶತಮಾನದ ಕವಿಚಕ್ರವರ್ತಿ ರನ್ನ ಹುಟ್ಟಿದ್ದು ಇದೇ ಮುಧೋಳದ, ಅಂದಿನ ಮುದುವೊಳಲಿನ, ಬಳೆಗಾರರ ಮನೆಯಲ್ಲಿ. ಇಂದು ಅವನು ಶಾಲೆಗೆ ಸೇರಿದ್ದರೆ ಹಾಜರಿ ಪುಸ್ತಕದಲ್ಲಿ ‘ರನ್ನ ಜಿನವಲ್ಲಭ ಬಳಿಗಾರ’ ಎಂದಾಗುತ್ತಿತ್ತು.

ಮೆಣಸಿನಕಾಯಿ, ಉಳ್ಳಾಗಡ್ಡಿ, ಅಕ್ಕಿಗಳನ್ನು ಎಲ್ಲರೂ ವ್ಯಾಪಾರದ ಹೆಸರುಗಳೆಂದೇ ವಿವರಿಸುತ್ತಾರೆ. ಅದು ಅರ್ಧ ನಿಜ. ಮಹಾಲಿಂಗಪುರದ ಬೆಲ್ಲದ ಪೇಟೆಯ ನೆರಳಿನಲ್ಲಿ ‘ಬೆಲ್ಲದ’ಕ್ಕೆ ವ್ಯಾಪಾರದ ವಿವರಣೆ ಸಹಜ. ಆದರೆ ಮೂಗಿನ ತುದಿಯ ಸಿಟ್ಟಿನವನನ್ನು ಮೆಣಸಿನಕಾಯಿ ಎನ್ನಲು ಊರಿನವರಿಗೆ ಅಂಗಡಿಯೇ ಬೇಕಾಗಿಲ್ಲ. ಗಿಡ್ಡನ್ನವರ, ದೊಡ್ಡನ್ನವರ ಎಂಬ ಹೆಸರುಗಳ ಹಿಂದೆ ಯಾವ ವ್ಯಾಪಾರವೂ ಇಲ್ಲ. ಒಬ್ಬ ಕುಳ್ಳ ಅಜ್ಜ, ಒಬ್ಬ ಎತ್ತರದ ಅಥವಾ ಹಿರಿಯ ಅಜ್ಜ ಇದ್ದಿರಬೇಕು, ಅಷ್ಟೆ. ಮನೆತನದವರು ಇಂದು ಗೌರವದ ಕಥೆ ಹೇಳುವಲ್ಲಿ ಮೂಲತಃ ಕಟ್ಟೆಯ ಮೇಲಿನ ಒಂದು ನಗೆ ಇದ್ದಿರಬಹುದು ಎಂಬುದು ನನ್ನ ಅನಿಸಿಕೆ. ತನ್ನ ಅಡ್ಡಹೆಸರನ್ನು ತಾನೇ ಇಟ್ಟುಕೊಂಡವನು ಅಪರೂಪ.

ದೊರೆಗಳೂ ಇದಕ್ಕೆ ಹೊರತಲ್ಲ. ಘೋರ್ಪಡ ಎಂದರೆ ಮರಾಠಿಯಲ್ಲಿ ಉಡ. ಬಹಮನಿ ಸುಲ್ತಾನರ ಪರವಾಗಿ ಖೇಳಣಾ ಕೋಟೆಯನ್ನು ಹಿಡಿಯುವಾಗ ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಗೋಡೆಗೆ ಹತ್ತಿಸಿ, ಆ ಹಗ್ಗ ಹಿಡಿದು ಏರಿದ್ದಕ್ಕೆ ಪೂರ್ವಜರಿಗೆ ಈ ಬಿರುದು ಬಂತೆಂದು ಮುಧೋಳದ ರಾಜಮನೆತನದ ಐತಿಹ್ಯ. ಉಡ ಒಬ್ಬ ಸೈನಿಕನ ಭಾರ ತಡೆದೀತೇ ಎಂದು ಕೇಳುವುದು ಐತಿಹ್ಯಕ್ಕೆ ಮಾಡುವ ಅನ್ಯಾಯ. ಬಿರುದು ಎಂದರೆ ಸುಲ್ತಾನ ಇಟ್ಟ ಅಡ್ಡಹೆಸರು, ಅಡ್ಡಹೆಸರು ಎಂದರೆ ಊರು ಕೊಟ್ಟ ಬಿರುದು.

ವತನದ ಹೆಸರುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪಾಟೀಲ, ಕುಲಕರ್ಣಿ, ದೇಸಾಯಿ, ತಳವಾರ, ವಾಲೀಕಾರ ಇವೆಲ್ಲ ಹುದ್ದೆಗಳು. 1950ರ ಮುಂಬಯಿ ಕಾಯ್ದೆ ಕುಲಕರ್ಣಿ ವತನಗಳನ್ನು ರದ್ದು ಮಾಡಿತು, 1961ರ ಮೈಸೂರು ಕಾಯ್ದೆ ಉಳಿದ ಗ್ರಾಮಾಧಿಕಾರಗಳನ್ನು ತೆಗೆಯಿತು. ಹುದ್ದೆ ಹೋದರೂ ಹೆಸರು ಹೋಗಲಿಲ್ಲ.

ಊರಿನ ಹೆಸರೇ ಅಡ್ಡಹೆಸರಾದವರ ಲೆಕ್ಕ ಇನ್ನೊಂದು ಬಗೆ. ಜಮಖಂಡಿಯಲ್ಲಿ ನಿಂತು ಯಾರನ್ನಾದರೂ ‘ಜಮಖಂಡಿ’ ಎಂದು ಕರೆದರೆ ಉಪಯೋಗವೇನು? ಎಲ್ಲರೂ ಅಲ್ಲಿಯವರೇ. ಜಮಖಂಡಿ ಬಿಟ್ಟು ಬೇರೆ ಊರು ಸೇರಿದವನಿಗೆ ಆ ಊರವರು ಇಡುವ ಹೆಸರು ಜಮಖಂಡಿ. ಮುಧೋಳ, ಬೀಳಗಿ, ತೇರದಾಳ, ಬನಹಟ್ಟಿ ಎಂಬ ಅಡ್ಡಹೆಸರುಗಳೆಲ್ಲ ಹೀಗೆ ವಲಸೆಯ ಗುರುತುಗಳು. ಕವಿ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಗೋಕಾಕದಲ್ಲಲ್ಲ, ಸವಣೂರಿನಲ್ಲಿ. ಮುಧೋಳದಿಂದ ಹಲವು ಬಾರಿ ವಿಧಾನಸಭೆಗೆ ಆಯ್ಕೆಯಾದ ಗೋವಿಂದ ಕಾರಜೋಳರ ಹೆಸರಿನ ಕಾರಜೋಳ ವಿಜಯಪುರ ಜಿಲ್ಲೆಯ ಹಳ್ಳಿ. ನಾಯಿಯೂ ಈ ನಿಯಮ ಮೀರಿಲ್ಲ. ಹೊರಗಿನವರಿಗೆ ಅದು ‘ಮುಧೋಳ ನಾಯಿ’, ಹಳ್ಳಿಗಳಲ್ಲಿ ‘ಕರವಾನಿ’. ಆದರೆ ಹೆಸರು ಹಿಡಿದು ಊರು ಹುಡುಕುವವರು ಅವಸರಪಡಬಾರದು. 1912ರ ಬಂಕಿಪುರ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದ ರಘುನಾಥ ನರಸಿಂಹ ಮುಧೋಳಕರರ ಹೆಸರು ಕಂಡೊಡನೆ ನಮ್ಮವರೆಂದು ಬೀಗುವಂತಿಲ್ಲ. ತೆಲಂಗಾಣದ ನಿರ್ಮಲ್ ಜಿಲ್ಲೆಯಲ್ಲೂ ಒಂದು ಮುಧೋಳ ಇದೆ.

ಹೆಂಗಸರ ವಿಷಯದಲ್ಲಿ ಇದೇ ನಿಯಮ ಇನ್ನಷ್ಟು ನಿಚ್ಚಳ. ಮದುವೆಯಾದಾಗ ಕಾಗದದಲ್ಲಿ ಆಕೆಯ ನಡುಹೆಸರೂ ಅಡ್ಡಹೆಸರೂ ಎರಡೂ ಬದಲಾಗುತ್ತವೆ. ಗಂಡನ ಓಣಿಯಲ್ಲಿ ಮಾತ್ರ ಆಕೆ ಕೊನೆಯವರೆಗೂ ‘ತೇರದಾಳದಾಕಿ’ ಅಥವಾ ‘ಮುಧೋಳದಾಕಿ’. ತವರಿನ ಗುರುತು ಬಾಯಲ್ಲಿ ಉಳಿಯುತ್ತದೆ, ದಾಖಲೆಯಲ್ಲಿ ಅಳಿಯುತ್ತದೆ. ಆಕೆಯ ಮಕ್ಕಳಿಗೆ ಅದು ದಾಟುವುದಿಲ್ಲ.

ಬಾಯಿಯ ಹೆಸರು ಕಾಗದದ ಹೆಸರಾಗುವುದು ಲೋಕದಲ್ಲಿ ಎಲ್ಲ ಕಡೆಯೂ ಒಂದೇ ತೆರನಾಗಿ ನಡೆದಿಲ್ಲ. ಮೆಕ್ಸಿಕೋದ ಹಳ್ಳಿಗಳಲ್ಲಿ ಮನೆತನದ ಹೆಸರು ಸ್ಪೇನಿನ ಪಾದ್ರಿಗಳ ಜ್ಞಾನಸ್ನಾನದ ಪುಸ್ತಕದಿಂದ ಬಂದದ್ದು. ಒಂದೇ ಊರಿನಲ್ಲಿ ಎಷ್ಟೋ ಮನೆಗಳು ಹೆರ್ನಾಂಡೆಸ್ ಅಥವಾ ಗಾರ್ಸಿಯಾ ಆದಾಗ, ಯಾರು ಯಾರೆಂದು ತಿಳಿಯಲು ಜನ ತಮ್ಮದೇ ಮನೆತನದ ಅಡ್ಡಹೆಸರುಗಳನ್ನು ಕಟ್ಟಿಕೊಂಡರು. ಅವು ತಂದೆಯಿಂದ ಮಕ್ಕಳಿಗೆ ಇಳಿಯುತ್ತವೆ, ಆದರೆ ದಾಖಲೆಯ ಹೊರಗೇ ಉಳಿಯುತ್ತವೆ. ನಮ್ಮಲ್ಲಿ ಮೇಲಿನಿಂದ ಹೆಸರು ಹಂಚಿದವರಿಲ್ಲ. ಅಂಕಣವನ್ನಷ್ಟೇ ಗೆರೆ ಎಳೆದು ಕೊಟ್ಟರು, ತುಂಬಿಸಿದ್ದು ಓಣಿಯ ಮಾತು. ಮುಂಬಯಿಯ ಪಾರಸಿಗಳದೂ ಹೀಗೆಯೇ. ಕ್ರಿಕೆಟ್ಟಿನ ಫರೂಖ್ ಇಂಜಿನಿಯರ್, ನಾರಿ ಕಂಟ್ರಾಕ್ಟರ್ ಅವರ ಹೆಸರುಗಳು ನಮ್ಮ ಕಂಬಾರ, ಬಡಿಗೇರರ ಇಂಗ್ಲಿಷ್ ದಾಯಾದಿಗಳು.

ಅಂಕಣ ತುಂಬಿದವರು ಮುಖ್ಯವಾಗಿ ಇಬ್ಬರು: ಜಮೀನು ಬರೆಯುವ ಕುಲಕರ್ಣಿ, ಹಾಜರಿ ಬರೆಯುವ ಮಾಸ್ತರ. ಹುಡುಗನನ್ನು ಶಾಲೆಗೆ ತಂದವರು ತಂದೆಯೇ ಆಗಿರಬೇಕೆಂದಿರಲಿಲ್ಲ. ಸೋದರಮಾವನೋ ನೆರೆಯವನೋ ‘ಅಡ್ಡಹೆಸರೇನ್ರಿ?’ ಎಂಬ ಪ್ರಶ್ನೆಗೆ ಆ ಹೊತ್ತಿಗೆ ತೋಚಿದ್ದನ್ನು ಹೇಳಿದರೆ ಅದೇ ಖಾಯಂ ಆಯಿತು. ಅಣ್ಣ ಹೊಸಮನಿ, ತಮ್ಮ ಪೂಜಾರಿ ಎಂಬಂಥ ಮನೆಗಳು ಈ ಸೀಮೆಯಲ್ಲಿ ಹುಡುಕದೆಯೂ ಸಿಗುತ್ತವೆ. ಒಂದೇ ಗಂಜಿಯ ಅಣ್ಣತಮ್ಮಂದಿರು ಕೋರ್ಟಿನಲ್ಲಿ ತಾವು ಅಣ್ಣತಮ್ಮಂದಿರೆಂದು ಪ್ರಮಾಣಪತ್ರ ಕೊಡಬೇಕಾಗುತ್ತದೆ. ಉತಾರದಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಮತ್ತೊಂದು, ಆಧಾರ್ ಕಾರ್ಡಿನಲ್ಲಿ ಮೂರನೆಯದು ಇದ್ದರೆ ಬೆಳೆವಿಮೆಯ ಅರ್ಜಿಯೂ ಮುಂದೆ ಸರಿಯದು. ಪತ್ರಿಕೆಗಳ ಒಳಪುಟದ ‘ಹೆಸರು ಬದಲಾವಣೆ’ ಕಿರುಜಾಹೀರಾತುಗಳನ್ನು ಓದುವ ಹವ್ಯಾಸವಿದ್ದವರಿಗೆ ಇದರ ವ್ಯಾಪ್ತಿ ಗೊತ್ತು.

ಮಾಸ್ತರನ ಲೇಖನಿ ಎಲ್ಲರ ಮೇಲೂ ಒಂದೇ ಭಾರದಿಂದ ಓಡಲಿಲ್ಲ. ಮೇಲ್ಜಾತಿಯ ಹುಡುಗನಿಗೆ ಅವನ ಮನೆ, ಮರ, ಅಂಗಡಿ, ಹುದ್ದೆ ಏನಾದರೊಂದು ಹೆಸರಾಯಿತು. ಊರ ಹೊರಗಿನ ಕೇರಿಯಿಂದ ಬಂದ ಹುಡುಗನಿಗೆ ಆ ಪ್ರಶ್ನೆಯನ್ನೇ ಕೇಳದೆ ಎಷ್ಟೋ ಕಡೆ ‘ಮಾದರ’, ‘ಹೊಲೇರ’ ಎಂದು ಬರೆದರು. 1930ರ ದಶಕದಲ್ಲಿ ಗಾಂಧೀಜಿ ‘ಹರಿಜನ’ ಪದವನ್ನು ಬಳಕೆಗೆ ತಂದ ಮೇಲೆ ಅದೂ ಅಡ್ಡಹೆಸರಾಯಿತು. ಕೇರಿಯ ಒಳಗೆ ಆ ಮನೆಗಳಿಗೂ ಬೇರೆ ಬೇರೆ ಗುರುತಿನ ಹೆಸರುಗಳಿದ್ದವು. ಹತ್ತು ಮನೆಗಳನ್ನು ಹತ್ತಾಗಿ ಕರೆಯುವುದು ಅಲ್ಲಿಯೂ ಬೇಕಾಗಿತ್ತಲ್ಲ! ಅವನ್ನು ಯಾರೂ ಬರೆದುಕೊಳ್ಳಲಿಲ್ಲ. ಹೀಗಾಗಿ ಒಂದು ಇಡೀ ಕೇರಿ ದಾಖಲೆಯಲ್ಲಿ ಒಂದೇ ಮನೆತನವಾಗಿ ಹೋಯಿತು, ಹುಡುಗ ಎಲ್ಲಿಗೆ ಹೋದರೂ ಹೆಸರು ಹೇಳಿದೊಡನೆ ಜಾತಿ ಹೇಳಿದಂತಾಯಿತು. ಹನ್ನೆರಡನೆಯ ಶತಮಾನದಲ್ಲಿ ಮಾದಾರ ಚೆನ್ನಯ್ಯ ಎಂಬುದನ್ನು ಬಸವಣ್ಣನಂಥವರು ಬಂಧುವಿನ ಹೆಸರಿನಂತೆ ಹೆಮ್ಮೆಯಿಂದ ಆಡಿದರು. ಪದ ಅದೇ, ಆಡಿದವರು ಬೇರೆ. ಇಂದು ಕೆಲವರು ಅಜ್ಜನ ಹೆಸರಿಗೆ ‘ಅವರ’ ಸೇರಿಸಿಕೊಂಡು ಅಡ್ಡಹೆಸರು ಬದಲಿಸುತ್ತಾರೆ. ಕೆಲವರು ಹಳೆಯದನ್ನೇ ತಲೆಯೆತ್ತಿ ಬರೆಯುತ್ತಾರೆ. ಎರಡರಲ್ಲಿ ಯಾವುದು ಸರಿ ಎಂದು ಹೊರಗಿನವರು ಹೇಳುವುದು ಸಲ್ಲದು.

ಬೆಂಗಳೂರಿಗೆ ಓದಲು ಬಂದ ಮೆಣಸಿನಕಾಯಿ ಮನೆತನದ ಹುಡುಗಿಯ ಕಷ್ಟ ಇದಕ್ಕೆ ಹೋಲಿಸಿದರೆ ಹಗುರ. ಅಲ್ಲಿಯ ಸಹಪಾಠಿಗಳಿಗೆ ಅಡ್ಡಹೆಸರೇ ಇಲ್ಲ, ಊರು ಮತ್ತು ತಂದೆಯ ಹೆಸರಿನ ಎರಡು ಇನಿಷಿಯಲ್ ಇವೆ. ಮೊದಲ ದಿನದ ಹಾಜರಿಯಲ್ಲಿ ತರಗತಿ ನಗುತ್ತದೆ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ‘ಸರ್‌ನೇಮ್’ ಎಂಬ ಅಂಕಣ ಬಂದಾಗ ತಡವರಿಸುವ ಸರದಿ ಇನಿಷಿಯಲ್ಲಿನವರದು.

ಬೀಳಗಿ ತಾಲ್ಲೂಕಿನಲ್ಲಿ ಹೆಸರುಗಳಿಗೆ ಮತ್ತೊಂದು ಗತಿ ಒದಗಿದೆ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳ್ಳಿಗಳು ಮುಳುಗಿ, ಜನ ಪುನರ್ವಸತಿ ಕೇಂದ್ರಗಳಿಗೆ ಬಂದರು. ಅಲ್ಲಿ ನೇರ ಗೆರೆಯ ರಸ್ತೆಗಳು, ಸಂಖ್ಯೆಯ ನಿವೇಶನಗಳು. ಮೂಲಿಮನಿಯವರ ಮನೆ ಸಾಲಿನ ನಡುವೆ ಇದೆ, ಅಗಸಿಮನಿಯವರ ಅಗಸಿ ನೀರಿನ ಅಡಿಯಲ್ಲಿದೆ. ಊರಿಗೆ ಬಾಗಿಲೊಂದಿತ್ತು, ಅದರ ಪಕ್ಕದಲ್ಲಿ ಒಂದು ಮನೆಯಿತ್ತು ಎಂಬ ಸಂಗತಿ ಈಗ ಆ ಮನೆಯವರ ರೇಷನ್ ಕಾರ್ಡಿನಲ್ಲಷ್ಟೇ ಉಳಿದಿದೆ.

ಹೆಸರಿಡುವ ಚಟ ಮಾತ್ರ ಜನರಿಗೆ ಬಿಟ್ಟಿಲ್ಲ. ಹಿಟ್ಟಿನ ಯಂತ್ರ ತಂದವರು ‘ಗಿರಣಿಯವರು’, ಸೈನ್ಯದಿಂದ ನಿವೃತ್ತನಾದವನ ಮನೆ ‘ಮಿಲ್ಟ್ರಿ ಮನಿ’. ಹಳೆಯ ಕಾಲವಾಗಿದ್ದರೆ ಇವು ಮೊಮ್ಮಕ್ಕಳ ಹೊತ್ತಿಗೆ ಅಡ್ಡಹೆಸರಾಗುತ್ತಿದ್ದವು. ಈಗ ಅಂಕಣ ಆಗಲೇ ತುಂಬಿದೆ. ಇದಕ್ಕೆ ದೊಡ್ಡ ನಿದರ್ಶನ ಜಮಖಂಡಿಯದೇ. 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಅಡ್ಡಲಾಗಿ ರೈತರು ತಮ್ಮ ಹಣ, ತಮ್ಮ ದುಡಿಮೆಯಿಂದ ಶ್ರಮಬಿಂದು ಸಾಗರ ಎಂಬ ಬ್ಯಾರೇಜು ಕಟ್ಟಿದರು. ಮುಂದಾಳುವಾಗಿದ್ದ ಸಿದ್ದು ನ್ಯಾಮಗೌಡರು ಅಂದಿನಿಂದ ನಾಡಿಗೆಲ್ಲ ‘ಬ್ಯಾರೇಜ್ ಸಿದ್ದು’. 1991ರಲ್ಲಿ ಅವರು ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದ್ದೂ, ಕೇಂದ್ರದಲ್ಲಿ ಸಚಿವರಾದದ್ದೂ ಆ ಹೆಸರಿನ ಬಲದಿಂದಲೇ ಎಂದರೆ ತಪ್ಪಾಗದು. ಹೆಸರು ಮುಂದೆ, ಸಿದ್ದು ಹಿಂದೆ: ಮೋಳಿಗೆ ಮಾರಯ್ಯನ ಕಾಲದ ಕ್ರಮವೇ. 2018ರ ಮೇ ತಿಂಗಳಲ್ಲಿ, ಶಾಸಕರಾಗಿ ಆಯ್ಕೆಯಾದ ಕೆಲವೇ ದಿನಗಳಲ್ಲಿ, ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅದೇ ವರ್ಷ ನಡೆದ ಉಪಚುನಾವಣೆಯಲ್ಲಿ ಅವರ ಮಗ ಆನಂದ ಗೆದ್ದರು. ಮತಯಂತ್ರದ ಮೇಲೆ ಅವರ ಹೆಸರಿನ ಜೊತೆಗಿದ್ದದ್ದು ನ್ಯಾಮಗೌಡ.